ಸಾರಿಬಾಯ್ ಸತ್ತ ಕಂತು

ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವ ರೂಢಿ ನಮ್ಮ ಕಿರ್ಗಿಜ್ ಹೆಂಗಸರಿಗಿಲ್ಲ. ಮೂವತ್ತೊಂದು ವರ್ಷ ಸಂಸಾರ ಮಾಡಿದೆ, ಒಂದು ಸಲವೂ ಹೇಳಲಿಲ್ಲ. ಇಲ್ಲಿ ಎಸೆನ್ ಎಂದು ಬರೆಯುತ್ತೇನೆ. ಅದು ಅವರ ಹೆಸರಲ್ಲ. ಊರಿನ ಹೆಸರು, ಹೊಳೆಯ ಹೆಸರು ಬರೆಯುವುದೇ ಇಲ್ಲ. ಇದರಲ್ಲಿ ಬರುವ ನಮ್ಮ ಭಾವನವರೂ ಹೋದ ವರ್ಷ ತೀರಿಕೊಂಡರು. ಅದಕ್ಕೇ ಈಗ ಬರೆಯುತ್ತಿದ್ದೇನೆ. ನಾನು ಶಾಲೆಗೆ ಹೋದದ್ದು ಆರು ವರ್ಷ, ಅದರಲ್ಲೂ ಕುರಿ ಮರಿ ಹಾಕುವ ತಿಂಗಳುಗಳಲ್ಲಿ ಹೋಗುತ್ತಿರಲಿಲ್ಲ. ತಪ್ಪಿದ್ದರೆ ಓದುವವರು ತಿದ್ದಿಕೊಳ್ಳಲಿ.

ಎಸೆನ್ ಲಾರಿ ಓಡಿಸುತ್ತಿದ್ದರು. ಇಷ್ಟು ಹೇಳಿದರೆ ಅವರ ಬಗ್ಗೆ ಮುಕ್ಕಾಲು ಹೇಳಿದ ಹಾಗೆ. ಸರ್ಕಾರದ ಸಾಮೂಹಿಕ ಬೇಸಾಯ ಮುರಿದುಬಿದ್ದು ಆಸ್ತಿ ಹಂಚಿದಾಗ ಕೆಲವರಿಗೆ ಕುರಿ ಬಂತು, ಕೆಲವರಿಗೆ ಹುಲ್ಲುಗಾವಲು ಬಂತು. ಇವರ ಪಾಲಿಗೆ ಬಂದದ್ದು ಇಂಜಿನ್ ಇಲ್ಲದ ಒಂದು ಲಾರಿ. ಊರೆಲ್ಲ ನಕ್ಕಿತು. ಇವರ ಅಣ್ಣ, ನಮ್ಮ ಭಾವ ಮುಕಾಶ್ ಮಾತ್ರ ನಗಲಿಲ್ಲ. ತನ್ನ ಪಾಲಿಗೆ ಬಂದ ಗಬ್ಬದ ಕುದುರೆಯನ್ನು ಪಟ್ಟಣಕ್ಕೆ ಹೊಡೆದುಕೊಂಡು ಹೋದರು. ಬರುವಾಗ ಇಂಜಿನ್ ತಂದು ನಮ್ಮ ಅಂಗಳದಲ್ಲಿ ಇಳಿಸಿದರು.

"ಅಣ್ಣ, ನಿಂಗೆ ಕುದುರೆ ಬೇಡ್ವಾ?"

"ಕುದುರೆ ಮೇಲೆ ಕೂತು ಕೂತು ನನ್ನ ಕಾಲು ಬಿಲ್ಲಾಗಿದೆ. ಸುಮ್ನೆ ಓಡ್ಸೋ."

ಇವರ ಅಪ್ಪ ಬೇಗ ಸತ್ತಿದ್ದರು. ಎಸೆನ್‌ರನ್ನು ಬೆಳೆಸಿದ್ದೇ ಭಾವ. ಇಬ್ಬರಿಗೂ ಹತ್ತು ವರ್ಷದ ಅಂತರ. ಇಂಜಿನ್ ಕೂತ ದಿನದಿಂದ ಅಣ್ಣ ಏನು ಹೇಳಿದರೂ ಎಸೆನ್ ಎರಡನೇ ಮಾತು ಆಡಲಿಲ್ಲ.

ಬೆಳಿಗ್ಗೆ ಎದ್ದರೆ ಮೊದಲು ಲಾರಿಯ ಗಾಜು ಒರೆಸುತ್ತಿದ್ದರು, ಆಮೇಲೆ ತಮ್ಮ ಮುಖ ತೊಳೆಯುತ್ತಿದ್ದರು. ಗಣಿಯಿಂದ ಕಲ್ಲಿದ್ದಲು ತುಂಬಿಕೊಂಡು ಘಟ್ಟ ಹತ್ತಿ, ಸುರಂಗ ದಾಟಿ, ಪಟ್ಟಣಕ್ಕೆ ಇಳಿಯಬೇಕು. ಬರುವಾಗ ಹಿಟ್ಟು, ಸಕ್ಕರೆ, ಟೀ ಪುಡಿ. ದಾರಿಯಲ್ಲಿ ಕೈ ತೋರಿಸಿದವರನ್ನೆಲ್ಲ ಹತ್ತಿಸಿಕೊಳ್ಳುತ್ತಿದ್ದರು. ಪಕ್ಕದ ಮನೆಯ ಕಾಲಿಪಾ ಅತ್ತೆ ಬೇಲಿಯ ಮೇಲಿಂದ ಕೂಗುತ್ತಿದ್ದರು:

"ಏನೋ, ನಿನ್ನ ಲಾರೀಲಿ ಕಲ್ಲಿದ್ದಲಿಗಿಂತ ಹೆಂಗಸ್ರೇ ಜಾಸ್ತಿಯಂತೆ?"

"ಕಲ್ಲಿದ್ದಲು ಮಾತಾಡಲ್ಲ ಅತ್ತೆ. ನಿದ್ದೆ ಬರುತ್ತೆ."

"ನನ್ನೂ ಒಂದು ದಿನ ಹತ್ತಿಸ್ಕೊ ಮತ್ತೆ."

"ನಿಮ್ಮನ್ನ ಹತ್ತಿಸ್ಕೊಂಡ್ರೆ ಇಂಜಿನ್ ಸದ್ದು ಕೇಳಲ್ವಲ್ಲ!"

ನಮಗೆ ಮೂವರು ಮಕ್ಕಳು. ನಡುವಿನವಳು ಜಿಪಾರ್. ಐದು ವರ್ಷಕ್ಕೆ, ಒಂದು ಫೆಬ್ರವರಿಯಲ್ಲಿ, ಮೂರು ದಿನದ ಜ್ವರಕ್ಕೆ ಹೋಗಿಬಿಟ್ಟಳು. ಎಸೆನ್ ಪಟ್ಟಣಕ್ಕೆ ಹೋಗಿದ್ದರು. ಆಗ ಫೋನ್ ಇರಲಿಲ್ಲ.

ನಮ್ಮಲ್ಲಿ ಸಾವಿನ ಮನೆಗೆ ಗಂಡಸರು ಸುಮ್ಮನೆ ಬರುವಂತಿಲ್ಲ. ದೂರದಿಂದಲೇ ಗಟ್ಟಿಯಾಗಿ ಅಳುತ್ತ, ಸತ್ತವರನ್ನು ಕೂಗುತ್ತ ಬರಬೇಕು. ಬಾಯಿ ಮುಚ್ಚಿಕೊಂಡು ಬಂದವನನ್ನು ಊರು ಮರೆಯುವುದಿಲ್ಲ. ಹೆಂಗಸರು ಹಾಡಿ ಅಳಬೇಕು. ಸತ್ತವನ ಬದುಕನ್ನೆಲ್ಲ ಕಟ್ಟಿ ಹಾಡುವ ಆ ಅಳುಹಾಡಿಗೆ ಕೊಶೋಕ್ ಎನ್ನುತ್ತೇವೆ. ಆದರೆ ಎಳೆ ಮಗು ಸತ್ತರೆ ಉಣ್ಣೆಯ ಗುಡಾರ ಹಾಕುವುದಿಲ್ಲ, ಹಾಡುವುದೂ ಇಲ್ಲ. ಹಾಗಾಗಿ ಜಿಪಾರ್‌ಗೆ ನಾನು ಹಾಡಲಿಲ್ಲ. ಅಪ್ಪನ ಬದಲು ಭಾವನೇ ಗುಂಡಿಗಿಳಿದು ಅವಳನ್ನು ಮಲಗಿಸಿದರು. ಎಸೆನ್ ಬಂದದ್ದು ಮಾರನೆಯ ದಿನ.

"ಘಟ್ಟ ಮುಚ್ಚಿತ್ತು," ಎಂದರು.

ಫೆಬ್ರವರಿಯಲ್ಲಿ ಘಟ್ಟ ಮುಚ್ಚುವುದು ಹೊಸದಲ್ಲ. ಎಲ್ಲರೂ ನಂಬಿದರು. ಭಾವ ತಮ್ಮನನ್ನು ತಬ್ಬಿಕೊಂಡು, "ನಾನಿದ್ನಲ್ಲೋ, ನೀನೇ ಇದ್ದ ಹಾಗೆ," ಎಂದರು.

ಹನ್ನೊಂದು ವರ್ಷದ ಮೇಲೆ, ಇಬ್ಬರೂ ಆಲೂಗಡ್ಡೆ ಅಗೆಯುತ್ತಿದ್ದಾಗ ಎಸೆನ್ ಗುದ್ದಲಿ ನಿಲ್ಲಿಸಿದರು.

"ಬುರುಲ್, ಅವತ್ತು ಘಟ್ಟ ತೆರೆದಿತ್ತು."

"ಯಾವತ್ತು?"

"ಮಗು ದಿನ. ಸುರಂಗದ ಹತ್ರ ಟೀ ಅಂಗಡೀಲಿ ಯಾರೋ ಪರವೂರಿನ ಡ್ರೈವರು ಹೇಳಿದ. ನಿಮ್ಮೂರಲ್ಲಿ ಲಾರಿಯೋನ ಮಗು ತೀರಿಕೊಂಡಿದೆ, ಮಧ್ಯಾಹ್ನ ಮಣ್ಣು ಅಂತ. ನಾನ್ಯಾರು ಅಂತ ಅವನಿಗೆ ಗೊತ್ತಿಲ್ಲ. ಹೊರಟು ಬಂದೆ. ಸೇತುವೆ ತನಕ ಬಂದೆ. ಹೊಳೆ ಹತ್ರ ನಿಲ್ಲಿಸಿದೆ. ಅಲ್ಲಿಂದ ಅಳ್ತಾ ಬರಬೇಕಲ್ಲ. ಬಾಯಿ ತೆರೆದೆ. ಏನೂ ಬರಲಿಲ್ಲ."

ಮಗಳಿಗೆ ತಂದಿದ್ದ ಕೆಂಪು ಬೂಟು ಪಕ್ಕದಲ್ಲಿತ್ತಂತೆ. ಅದನ್ನು ಎದೆಗೆ ಒತ್ತಿಕೊಂಡು ರಾತ್ರಿಯೆಲ್ಲ ಲಾರಿಯಲ್ಲೇ ಕೂತಿದ್ದರಂತೆ. ಮಧ್ಯಾಹ್ನ ದಿಬ್ಬದ ಮೇಲೆ ಜನ ಮಣ್ಣು ಎಳೆಯುವುದು ಅಲ್ಲಿಂದ ಕಾಣುತ್ತಿತ್ತಂತೆ.

"ಅಣ್ಣಂಗೆ ಹೇಳಬೇಡ," ಎಂದರು. "ನನ್ನ ಕೆಲಸ ಅವನು ಮಾಡಿದ. ಗೊತ್ತಾದ್ರೆ ತಡ್ಕೊಳ್ಳಲ್ಲ."

"ಹೇಳಲ್ಲ," ಎಂದೆ.

ನಾನು ಊರಿನಲ್ಲಿ ಹಾಡಿ ಅಳುವವಳೆಂದು ಹೆಸರು ಮಾಡಿದ್ದೆ. ಮೂರು ಊರಾಚೆಯಿಂದಲೂ ಕರೆಯುತ್ತಿದ್ದರು. ಸತ್ತವರ ಮನೆಯವರ ಹತ್ತಿರ ಒಂದು ಗಂಟೆ ಕೂತು ಕೇಳಿದರೆ ಸಾಕು, ಅವರ ಬದುಕು ಹಾಡಾಗುತ್ತಿತ್ತು. ನನಗೆ ಅದರ ಜಂಬ ಇತ್ತು. ಇದ್ದದ್ದನ್ನು ಇಲ್ಲ ಎನ್ನುವುದಿಲ್ಲ.

ಆಲೂಗಡ್ಡೆ ಅಗೆದ ಮರುವರ್ಷ ಟೀವಿಯಲ್ಲಿ ಶನಿವಾರ ಸಂಜೆ "ಏಳು ಮನೆ" ಎಂಬ ಧಾರಾವಾಹಿ ಬರುತ್ತಿತ್ತು. ನಮ್ಮಂಥದ್ದೇ ಒಂದು ಊರಿನ ಏಳು ಮನೆಗಳ ಕತೆ. ಅದರಲ್ಲಿ ಸಾರಿಬಾಯ್ ಎಂಬ ಲಾರಿ ಡ್ರೈವರ್ ಎಂದರೆ ಎಲ್ಲರಿಗೂ ಜೀವ. ಅದರ ಚಿತ್ರೀಕರಣಕ್ಕೆಂದು ಬೇಸಿಗೆಯಲ್ಲಿ ನಮ್ಮೂರಿಗೇ ಬಂದರು. ಸಾರಿಬಾಯ್ ಆಗಿದ್ದ ನಟನಿಗೆ ಹಳೇ ಲಾರಿ ಓಡಿಸಲು ಬರುತ್ತಿರಲಿಲ್ಲ. ಎಸೆನ್‌ಗೆ ಅವನ ಅಂಗಿ, ಟೋಪಿ ಹಾಕಿಸಿ ಓಡಿಸಿದರು. ಟೀವಿಯಲ್ಲಿ ಸಾರಿಬಾಯ್‌ನ ಮುಖ ನಟನದು. ಸ್ಟೀರಿಂಗ್ ಹಿಡಿದ ಕೈ, ಕತ್ತಿನ ಹಿಂಭಾಗ ನನ್ನ ಗಂಡನದು.

ಎಂಟನೇ ಕಂತಿನಲ್ಲಿ ಲಾರಿ ಘಟ್ಟದಿಂದ ಉರುಳುತ್ತದೆ. ಒಂಬತ್ತನೆಯದು ಪೂರ್ತಿ ಸಾರಿಬಾಯ್‌ನ ಮೇಲೆ: ಉಳಿಯುತ್ತಾನೋ ಇಲ್ಲವೋ. ಉಳಿಯುವುದಿಲ್ಲ. ಕೊನೆಯಲ್ಲಿ ಅವನ ಹೆಂಡತಿ ಗುಡಾರದಲ್ಲಿ ಕೂತು ಹಾಡಿ ಅಳಬೇಕು. ಆ ನಟಿ ಪಟ್ಟಣದವಳು, ಹಾಡು ಬಾರದು; ನನ್ನನ್ನು ಕರೆಸಿದರು. ಸಾವಿನ ಗುಡಾರದಲ್ಲಿ ನಾವು ಜನರಿಗೆ ಬೆನ್ನು ಹಾಕಿ, ಗೋಡೆಯ ಕಡೆ ಮುಖ ಮಾಡಿ, ಸತ್ತವನ ಅಂಗಿ ಟೋಪಿ ಮುಂದಿಟ್ಟುಕೊಂಡು ಕೂರುತ್ತೇವೆ. ನಾನು ಹಾಗೆ ಕೂತದ್ದನ್ನು ನೋಡಿ ನಿರ್ದೇಶಕಿ ಜಾಂಗಿಲ್ ಎಂಬ ಹುಡುಗಿ ಚಪ್ಪಾಳೆ ತಟ್ಟಿದಳು. ನನ್ನನ್ನು ಎಜೆ, ಅಂದರೆ ಅಕ್ಕ, ಎಂದು ಕರೆಯುತ್ತಿದ್ದಳು.

"ಎಜೆ, ಅವಳ ಬಟ್ಟೆ ಹಾಕ್ಕೊಂಡು ನೀವೇ ಕೂತ್ಕೊಳ್ಳಿ. ಮುಖ ಕಾಣೋದೇ ಇಲ್ಲ! ದನಿ ನಿಮ್ದು, ಬೆನ್ನು ನಿಮ್ದು."

ಎಸೆನ್‌ಗೆ ಇಷ್ಟವಾಗಲಿಲ್ಲ.

"ನಾನು ಬದುಕಿರುವಾಗ ನನ್ನ ಟೋಪಿ ಮುಂದೆ ಇಟ್ಕೊಂಡು ಹಾಡ್ತೀಯಾ?"

"ಅದು ನಿಮ್ಮ ಟೋಪಿ ಅಲ್ಲ, ಸಾರಿಬಾಯ್‌ದು."

"ತಲೆ ನಂದೇ ಅಲ್ವಾ?"

"ನಿಮ್ಮ ಕೈ ಟೀವೀಲಿ ಬರಬಹುದು, ನನ್ನ ದನಿ ಬರಬಾರ್ದಾ?"

ಎಸೆನ್ ಎದ್ದು ಲಾರಿಯ ಕಡೆ ಹೋದರು.

ಮೂರು ಸಲ ಹಾಡಿದೆ. ಅವರು ಬರೆದು ತಂದಿದ್ದ ಸಾಲುಗಳು ಪುಸ್ತಕದ ಹಾಗಿದ್ದವು. ಗುಡಾರದಲ್ಲಿ ಕೂರಿಸಿದ್ದ ನಮ್ಮೂರಿನ ಹೆಂಗಸರು ಅಳುವ ಬದಲು ಆಕಳಿಸಿದರು. ಜಾಂಗಿಲ್ ಟೀ ಕೊಟ್ಟು ಪಕ್ಕದಲ್ಲಿ ಕೂತಳು.

"ಎಜೆ, ಬರೆದಿದ್ದನ್ನ ಬಿಡಿ. ನಿಮ್ಮದೇ ಏನಾದ್ರೂ ಸೇರಿಸಿ. ಲಾರಿಯವರ ಹೆಂಡತಿಗೆ ಗೊತ್ತಿರೋದು ನಮ್ಮ ಬರಹಗಾರರಿಗೆ ಏನು ಗೊತ್ತು?"

ನಾಲ್ಕನೇ ಸಲ ಹೀಗೆ ಹಾಡಿದೆ:

ಘಟ್ಟ ಮುಚ್ಚಿದೆ ಅಂದೆ ನೀನು, ಘಟ್ಟ ತೆರೆದಿತ್ತು,
ಹೊಳೆಯ ಪಕ್ಕ ನಿನ್ನ ಲಾರಿ ಒಂದೇ ನಿಂತಿತ್ತು,
ಮಗಳ ಮೇಲೆ ಮಣ್ಣು ಬೀಳೋ ಆ ಹೊತ್ತಿನಲ್ಲಿ
ಕೆಂಪು ಬೂಟು ಎದೆಗೆ ಒತ್ತಿ ಕೂತೆ ಗಾಡಿಯಲ್ಲಿ.

ಹೆಂಗಸರೆಲ್ಲ ಹೋ ಎಂದು ಅತ್ತರು. ಕ್ಯಾಮೆರಾ ಹಿಡಿದವನು ಕಣ್ಣು ಒರೆಸಿಕೊಂಡ. ಆ ಹೆಂಗಸರಿಗೆ ಅದು ಸಾರಿಬಾಯ್‌ನ ಕತೆಯೆಂದೇ ಅನ್ನಿಸಿತು. ಅವನಿಗೂ ಕತೆಯಲ್ಲಿ ಸತ್ತ ಮಗಳೊಬ್ಬಳಿದ್ದಳು. ಯಾಕೆ ಹಾಗೆ ಹಾಡಿದೆ ಎಂದು ಆಮೇಲೆ ಕೇಳಿದ ಜಾಂಗಿಲ್‌ಗೆ "ತಾನಾಗಿ ಬಾಯಿಗೆ ಬಂತು" ಎಂದೆ. ಸುಳ್ಳು. ಟೀ ಕುಡಿಯುವಾಗಲೇ ಆರಿಸಿಟ್ಟಿದ್ದೆ. ಬಟ್ಟಲು ಕೆಳಗಿಡುವಷ್ಟರಲ್ಲಿ ನಾಲ್ಕೂ ಸಾಲು ಸಿದ್ಧವಿದ್ದವು. ಮಗಳಿಗೆ ಹಾಡದೆ ಉಳಿದ ಹಾಡು ಅದು ಎಂದು ನನಗೆ ನಾನೇ ಹೇಳಿಕೊಂಡೆ. ಅದೂ ಪೂರ್ತಿ ನಿಜವಲ್ಲ. ಅವರೆಲ್ಲ ಅಳಬೇಕು ಎಂದು ನನಗೆ ಹಟವಿತ್ತು.

ಎಸೆನ್ ಆಗ ದೂರದಲ್ಲಿ ಲಾರಿಗೆ ನೀರು ಹಾಕುತ್ತಿದ್ದರು. ಅವರಿಗೆ ಕೇಳಿಸಲಿಲ್ಲ.

ಕಂತು ಪ್ರಸಾರವಾಗಲು ಇನ್ನೂ ಏಳು ವಾರವಿತ್ತು. ಆ ಏಳು ವಾರದಲ್ಲಿ ಯಾವ ದಿನ ಬೇಕಾದರೂ ಅವರಿಗೆ ಹೇಳಬಹುದಿತ್ತು. ಒಂದು ದಿನ ಜಾಂಗಿಲ್‌ಗೆ ಫೋನ್ ಮಾಡಿದೆ. ಆ ನಾಲ್ಕು ಸಾಲು ತೆಗೆಯಿರಿ ಎಂದು ಹೇಳಬೇಕೆಂದೇ ಮಾಡಿದ್ದು.

"ಎಜೆ! ಇಡೀ ಕಂತು ನಿಂತಿರೋದೇ ನಿಮ್ಮ ಹಾಡಿನ ಮೇಲೆ. ಇಲ್ಲಿ ಎಲ್ಲರೂ ಮತ್ತೆ ಮತ್ತೆ ಹಾಕಿಸಿ ಕೇಳ್ತಿದ್ದಾರೆ."

"ಹೌದಾ," ಎಂದೆ. ಫೋನ್ ಇಟ್ಟೆ. ನನಗೆ ಖುಷಿಯಾಗಿತ್ತು.

ಎಂಟನೇ ಕಂತಿನ ಮೇಲೆ ಒಂದು ವಾರ ಊರಿನಲ್ಲಿ ಬೇರೆ ಮಾತೇ ಇರಲಿಲ್ಲ. ಸಾರಿಬಾಯ್ ಬದುಕುತ್ತಾನೆಂದು ಒಬ್ಬ ಕುರಿ ಪಣ ಕಟ್ಟಿದ. ನಮ್ಮೂರಿನವರೇ ಗುಡಾರದಲ್ಲಿ ಅತ್ತಿದ್ದರೂ ಯಾರಿಗೆ ಅತ್ತದ್ದೆಂದು ಹೊರಗೆ ಹೇಳಬಾರದೆಂದು ನಾಟಕದವರು ಅವರಿಂದ ಮಾತು ತೆಗೆದುಕೊಂಡಿದ್ದರು. ಕಾಲಿಪಾ ಅತ್ತೆ ಚಿತ್ರೀಕರಣದ ಹೊತ್ತಿಗೆ ಮಗಳ ಊರಿಗೆ ಹೋಗಿದ್ದರು. ಅವರಿಗೆ ಹೊಟ್ಟೆಯುರಿ.

"ಏ ಸೊಸೆ, ನಂಗೊಬ್ಳಿಗೆ ಹೇಳೇ. ಸಾಯ್ತಾನಾ?"

"ಶನಿವಾರ ನೋಡಿ ಅತ್ತೆ."

"ಶನಿವಾರದೊಳಗೆ ನಾನೇ ಸತ್ರೆ?"

"ಆಗ ಅಲ್ಲೇ ಸಿಗ್ತಾನಲ್ಲ, ಅವನನ್ನೇ ಕೇಳಿ."

ಶನಿವಾರ ನಮ್ಮ ಮನೆಯಲ್ಲಿ ಇಪ್ಪತ್ತು ಜನ. ನಮ್ಮ ಲಾರಿ, ನಮ್ಮವರ ಕೈ, ನನ್ನ ದನಿ; ಬೇರೆ ಎಲ್ಲಿ ನೋಡುತ್ತಾರೆ? ಕುರಿಮಾಂಸ ಬೇಯಿಸಿ, ನೂಡಲ್ಸ್ ಕತ್ತರಿಸಿ ಹಾಕಿದ್ದೆ. ಬಾಗಿಲಿಗೆ ಎದುರಿನ ಹಿರಿಯರ ಜಾಗದಲ್ಲಿ ಭಾವ ಕೂತಿದ್ದರು. ತಮ್ಮನ ಕೈ ತೆರೆಯ ಮೇಲೆ ಬಂದಾಗಲೆಲ್ಲ "ನೋಡಿ, ನನ್ನ ಇಂಜಿನ್!" ಎಂದು ಕೂಗುತ್ತಿದ್ದರು. ಜನ ನಗುತ್ತಿದ್ದರು.

ಸಾರಿಬಾಯ್ ಸತ್ತ. ಕಾಲಿಪಾ ಅತ್ತೆ ತಲೆವಸ್ತ್ರದ ಚುಂಗು ಬಾಯಿಗೆ ತುರುಕಿಕೊಂಡರು. ಗುಡಾರ ಬಂತು. ನನ್ನ ಬೆನ್ನು ಬಂತು. ಹಾಡು ಶುರುವಾಯಿತು.

ಮೊದಲ ಸಾಲು ಮುಗಿಯುವಷ್ಟರಲ್ಲಿ ಎಸೆನ್ ತಿನ್ನುವುದು ನಿಲ್ಲಿಸಿದರು. ನನ್ನ ಕಡೆ ನೋಡಲಿಲ್ಲ. ನಾಲ್ಕನೇ ಸಾಲಿಗೆ ಭಾವ ಬಟ್ಟಲು ಕೆಳಗಿಟ್ಟರು. ಕೆಂಪು ಬೂಟನ್ನು ಭಾವ ಕಣ್ಣಾರೆ ಕಂಡಿದ್ದರು. ಮಾರನೆಯ ದಿನ ಎಸೆನ್ ಅದನ್ನು ಕೈಯಲ್ಲಿ ಹಿಡಿದುಕೊಂಡೇ ಲಾರಿಯಿಂದ ಇಳಿದಿದ್ದರು.

"ಅವತ್ತು ಘಟ್ಟ ತೆರೆದಿತ್ತೇನೋ?"

ಎಸೆನ್ ಇಲ್ಲ ಎನ್ನಬಹುದಿತ್ತು. ನಾಟಕ ಎನ್ನಬಹುದಿತ್ತು. ಅಣ್ಣನಿಗೆ ಎರಡನೇ ಸಲ ಸುಳ್ಳು ಹೇಳಲು ಅವರಿಂದ ಆಗಲಿಲ್ಲ.

"ತೆರೆದಿತ್ತು ಅಣ್ಣ."

"ನೀನು ಹೊಳೆ ಹತ್ರ ಇದ್ದೆ. ನಾನು ಗುಂಡೀಲಿ ಇದ್ದೆ."

"ಹೂಂ."

ಊಟದ ಕೊನೆಗೆ ಹಿರಿಯರು ಅಂಗೈ ಮುಖಕ್ಕೆ ತಂದು ಮನೆಗೆ ಒಳ್ಳೆಯದಾಗಲಿ ಎಂದು ಹರಸಬೇಕು. ಅದಿಲ್ಲದೆ ಯಾರೂ ಏಳುವಂತಿಲ್ಲ. ಭಾವ ಹರಸದೆ ಎದ್ದರು. ಟೋಪಿ ಹಾಕಿಕೊಂಡು ಹೊರಟುಹೋದರು. ಉಳಿದವರು ಏನು ಮಾಡಬೇಕೆಂದು ತಿಳಿಯದೆ ಒಬ್ಬೊಬ್ಬರಾಗಿ ಎದ್ದರು. ಟೀವಿಯಲ್ಲಿ ನಾನು ಇನ್ನೂ ಹಾಡುತ್ತಲೇ ಇದ್ದೆ.

ಎಲ್ಲರೂ ಹೋದ ಮೇಲೆ ಎಸೆನ್ ಬಟ್ಟಲುಗಳನ್ನು ಒಂದರೊಳಗೊಂದು ಇಟ್ಟರು. ಅದು ಗಂಡಸರ ಕೆಲಸವಲ್ಲ.

"ಚೆನ್ನಾಗಿ ಹಾಡಿದ್ದೀಯ," ಎಂದರು.

ಬೈದಿದ್ದರೆ ನಾನೂ ಬೈಯುತ್ತಿದ್ದೆ. ಅವರ ಕೈಯಿಂದ ಬಟ್ಟಲು ತೆಗೆದುಕೊಂಡು ತೊಳೆಯಲು ಹೋದೆ.

ಆಮೇಲೆ ಒಂದೂವರೆ ವರ್ಷ ಅಣ್ಣ ತಮ್ಮ ಮಾತಾಡಲಿಲ್ಲ. ಎಸೆನ್ ಎರಡು ಸಲ ಭಾವನ ಮನೆ ಬಾಗಿಲಿಗೆ ಹೋದರು. ಎರಡು ಸಲವೂ ನನ್ನ ಓರಗಿತ್ತಿ ಬಂದು, "ಅವರು ಹುಲ್ಲು ಕೊಯ್ಯೋಕೆ ಹೋಗಿದ್ದಾರೆ," ಎಂದಳು. ಎರಡನೇ ಸಲ ಹೋದದ್ದು ಡಿಸೆಂಬರಿನಲ್ಲಿ. ಡಿಸೆಂಬರಿನಲ್ಲಿ ಹುಲ್ಲೆಲ್ಲಿ? ಹೊಸ್ತಿಲಲ್ಲಿ ಭಾವನ ಬೂಟು ಇತ್ತು. ಎಸೆನ್ ಅದನ್ನು ನೋಡಿದರು. "ಸರಿ ಅತ್ತಿಗೆ, ಬಂದಿದ್ದೆ ಅಂತ ಹೇಳಿ," ಎಂದು ವಾಪಸ್ಸು ಬಂದರು.

ಸಂತೆಯಲ್ಲಿ ಪುಂಡರು ಕೂಗುತ್ತಿದ್ದರು: "ಮಾವಾ, ಇವತ್ತು ಘಟ್ಟ ತೆರೆದಿದ್ಯಾ?" ಮೊದಮೊದಲು ಎಸೆನ್ ನಕ್ಕು ಕೈ ಬೀಸುತ್ತಿದ್ದರು. ಆಮೇಲೆ ಸಂತೆಗೆ ಹೋಗುವುದನ್ನೇ ಬಿಟ್ಟರು. ದಾರಿಯಲ್ಲಿ ಜನರನ್ನು ಹತ್ತಿಸಿಕೊಳ್ಳುವುದನ್ನು ಬಿಟ್ಟರು. ಕಾಲಿಪಾ ಅತ್ತೆ ಬೇಲಿಯಿಂದ ಕೂಗಿದರೆ "ಹೂಂ ಅತ್ತೆ" ಎಂದು ಒಳಗೆ ಬರುತ್ತಿದ್ದರು.

ನಾನು ಒಂದು ಸಲ ಕ್ಷಮೆ ಕೇಳಿದೆ. ಹಿಟ್ಟು ನಾದುತ್ತಿದ್ದೆ. ಕೈ ತೊಳೆಯಲೂ ಇಲ್ಲ, ಹಾಗೇ ಕೇಳಿದೆ.

"ನಾನು ತಪ್ಪು ಮಾಡಿದೆ."

"ನೀನೇನು ಸುಳ್ಳು ಹಾಡಿದ್ಯಾ?" ಎಂದರು. "ಇದ್ದದ್ದೇ ತಾನೇ."

ಅಷ್ಟೇ. ಮತ್ತೆ ಕೇಳಲು ನನಗೆ ಧೈರ್ಯ ಬರಲಿಲ್ಲ.

ಮಾರ್ಚಿನಲ್ಲಿ ಒಂದು ಬೆಳಿಗ್ಗೆ ಲಾರಿಯ ಗಾಜು ಒರೆಸುತ್ತಿದ್ದವರು ಅಲ್ಲೇ ಕುಸಿದರು. ಐವತ್ತಾರು ವರ್ಷ. ಹೃದಯ ಎಂದರು ಡಾಕ್ಟರು. ನನ್ನ ಹಾಡಿನಿಂದ ಸತ್ತರು ಎಂದು ನಾನು ಹೇಳುವುದಿಲ್ಲ. ಅವರ ಅಪ್ಪನೂ ಹಾಗೇ ಸತ್ತದ್ದು. ಆದರೆ ಅಣ್ಣನ ಮಾತಿಲ್ಲದೆ ಸತ್ತರು. ಅದನ್ನು ಮಾಡಿದವಳು ನಾನು.

ಗುಡಾರ ಹಾಕಿದರು. ಪರದೆಯ ಆಚೆ ಅವರನ್ನು ಮಲಗಿಸಿದರು. ನಾನು ಕಪ್ಪು ವಸ್ತ್ರ ಹೊದ್ದು ಗೋಡೆಯ ಕಡೆ ಮುಖ ಮಾಡಿ ಕೂತೆ. ಹಾಡಬೇಕು. ಬಾಯಿಗೆ ಬಂದ ಪ್ರತಿ ಸಾಲೂ ಟೀವಿಯಲ್ಲಿ ಬಂದದ್ದಾಗಿತ್ತು. ಹೆಂಗಸರು ಕಾದರು. ಒಬ್ಬಳು ಪಿಸುಗುಟ್ಟಿದಳು:

"ಕ್ಯಾಮೆರಾ ಇಲ್ವಲ್ಲ, ಅದಕ್ಕೆ."

"ಮುಚ್ಚೇ ಬಾಯಿ," ಎಂದರು ಕಾಲಿಪಾ ಅತ್ತೆ. ತಾವೇ ನನ್ನ ಬದಲು ಹಾಡಿದರು.

ಹೊರಗೆ ಗಂಡಸರು ಅಳುತ್ತ ಬರುತ್ತಿದ್ದರು. ಪ್ರತಿ ದನಿಯನ್ನೂ ಕಿವಿಗೊಟ್ಟು ಕೇಳಿದೆ. ನಮ್ಮ ಸೋದರಮಾವ, ನಮ್ಮ ಅಳಿಯ, ಗಣಿಯ ಡ್ರೈವರುಗಳು. ಭಾವನ ದನಿ ಇಲ್ಲ. ಎರಡು ಬೀದಿ ಆಚೆ ಅವರ ಮನೆ. ತಮ್ಮನ ಸಾವಿಗೆ ಅಣ್ಣ ಅಳುತ್ತ ಬರದಿದ್ದರೆ, ಘಟ್ಟದ ಕತೆ ಎಸೆನ್‌ರ ಗೋರಿಯ ಮೇಲೂ ಕೂರುತ್ತದೆ. ಮಕ್ಕಳು ಮೊಮ್ಮಕ್ಕಳ ಕಾಲಕ್ಕೂ ಅವರು ಮಗಳ ಮಣ್ಣಿಗೆ ಬಾರದ ಅಪ್ಪನಾಗಿಯೇ ಉಳಿಯುತ್ತಾರೆ. ಮೊದಲ ದಿನ ಭಾವ ಬರಲಿಲ್ಲ. ಎರಡನೇ ದಿನ ಬೆಳಿಗ್ಗೆಯೂ ಬರಲಿಲ್ಲ. ಮಧ್ಯಾಹ್ನ ಎತ್ತಬೇಕಿತ್ತು.

ಹೊತ್ತು ನೆತ್ತಿಗೆ ಬಂದಾಗ ದೂರದಿಂದ ಕೇಳಿಸಿತು.

"ಅಯ್ಯೋ ನನ್ನ ತಮ್ಮಾ! ನಾನು ಬೆಳೆಸಿದ ತಮ್ಮಾ!"

ಮುದಿ ದನಿ, ಒಡೆದ ದನಿ. ಎರಡೂ ಬೀದಿ ಕೇಳುವ ಹಾಗೆ ಕೂಗುತ್ತ ಬಂದರು. ಕಾಲಿಪಾ ಅತ್ತೆ ನನ್ನ ಕೈ ಹಿಡಿದುಕೊಂಡರು.

ದೇಹವನ್ನು ಹೊರಗೆ ತಂದು ಇಟ್ಟ ಮೇಲೆ, ಪ್ರಾರ್ಥನೆಗೆ ಮೊದಲು, ಮನೆಯ ಹಿರಿಯರು ಜನರ ಮುಂದೆ ನಿಂತು ಸತ್ತವನು ಎಂಥವನಾಗಿದ್ದ ಎಂದು ಕೇಳಬೇಕು. ಹೆಂಗಸರು ಹೊರಗೆ ಹೋಗುವಂತಿಲ್ಲ. ಗುಡಾರದ ಒಳಗಿಂದಲೇ ಕೇಳಿಸಿಕೊಂಡೆವು.

"ಜನರೇ, ನನ್ನ ತಮ್ಮ ಎಂಥ ಮನುಷ್ಯ ಆಗಿದ್ದ?"

"ಒಳ್ಳೆ ಮನುಷ್ಯ ಆಗಿದ್ದ!"

ಇಷ್ಟಕ್ಕೆ ಮುಗಿಯಬೇಕು. ಭಾವ ನಿಲ್ಲಿಸಲಿಲ್ಲ.

"ಇನ್ನೊಂದು ಮಾತು ಹೇಳ್ತೀನಿ. ಟೀವಿ ನಾಟಕ ನೋಡಿ ನೀವೆಲ್ಲ ಏನೇನೋ ಆಡ್ಕೊಂಡ್ರಿ. ನಾನೂ ಮೊದಲು ನಂಬಿದೆ, ಮುದಿ ಕತ್ತೆ. ನಾನು ಗದರಿಸಿ ಕೇಳಿದ್ದಕ್ಕೆ ಹೂಂ ಅಂದ; ನನಗೆ ಯಾವತ್ತೂ ಎದುರಾಡಿದೋನಲ್ಲ ಅವನು. ಅವನ ಮಗಳು ಸತ್ತ ದಿನ ಘಟ್ಟ ಮುಚ್ಚಿತ್ತು. ಮುಂಜಾನೆ ಕುದುರೆ ಮೇಲೆ ಹೋಗಿ ನಾನೇ ನೋಡಿಕೊಂಡು ಬಂದಿದ್ದೆ. ಹಿಮ ಕುದುರೆಯ ಎದೆ ತನಕ ಇತ್ತು. ಹಾಡಲ್ಲಿ ಬಂದದ್ದು ನಾಟಕದವರು ಬರೆದ ಮಾತು. ಇನ್ನು ಮೇಲೆ ಯಾರಾದ್ರೂ ಅದನ್ನ ಎತ್ತಿದ್ರೆ ನನ್ನ ಹತ್ರ ಬಂದು ಎತ್ತಿ."

ಭಾವ ಅವತ್ತು ಮುಂಜಾನೆ ಕುದುರೆ ಹತ್ತಿರಲಿಲ್ಲ. ಬೆಳಗಿನಿಂದ ನಮ್ಮ ಅಂಗಳದಲ್ಲೇ ಇದ್ದರು, ಹೆಪ್ಪುಗಟ್ಟಿದ ನೆಲ ಅಗೆಯಲು ಹಾರೆ ಕಾಯಿಸುತ್ತಿದ್ದರು. ಅದು ನನಗೆ ಗೊತ್ತು, ಅವರಿಗೂ ಗೊತ್ತು. ಹೆಣದ ಮುಂದೆ ನಿಂತು ಸುಳ್ಳು ಹೇಳಿದರು.

ಗುಡಾರದಲ್ಲಿದ್ದ ಹೆಂಗಸರೆಲ್ಲ ನನ್ನ ಕಡೆ ತಿರುಗಿದರು.

"ಹೌದೇನೇ ಸೊಸೆ? ನಾಟಕದವರು ಬರೆದುಕೊಟ್ಟಿದ್ದಾ?" ಎಂದರು ಕಾಲಿಪಾ ಅತ್ತೆ.

"ಹೌದು ಅತ್ತೆ," ಎಂದೆ. "ಅವರೇ ಬರೆದುಕೊಟ್ಟದ್ದು. ನಾನು ಹಾಡಿದೆ ಅಷ್ಟೆ."

"ಮೊದಲೇ ಹೇಳಬಾರ್ದಾ? ಅವನನ್ನ ಹಿಂಗೆ ಸಾಯೋಕೆ ಬಿಟ್ಯಲ್ಲೇ!"

ಅದಕ್ಕೂ "ಹೌದು" ಎಂದೆ.

ಹೊರಗೆ ಎತ್ತುತ್ತಿದ್ದರು. ಈಗ ಹೆಂಡತಿ ಹಾಡಲೇಬೇಕು. ಏನು ಹಾಡಲಿ? ಲಾರಿ ಎಂದರೆ ಹೊಳೆ ನೆನಪಾಗುತ್ತದೆ. ಅಪ್ಪ ಎಂದರೆ ಬೂಟು ನೆನಪಾಗುತ್ತದೆ. ನಮ್ಮದೆನ್ನುವ ಒಂದು ಮಾತು ಬಾಯಿಂದ ಬಂದರೂ ಭಾವ ಹೇಳಿದ್ದು ಸುಳ್ಳಾಗುತ್ತದೆ. ಯಾವ ಹೆಂಡತಿ ಯಾವ ಗಂಡನಿಗೆ ಬೇಕಾದರೂ ಹಾಡಬಹುದಾದದ್ದನ್ನು ಹಾಡಿದೆ. ಮನೆಯ ಕಂಬ ಬಿತ್ತು, ಒಲೆ ಆರಿತು, ನನ್ನ ನೆತ್ತಿಯ ಸೂರ್ಯ ಮುಳುಗಿದ. ಕುರಿ ಕಾಯುವವನಿಗೂ ಸರಿ, ಶಾಲೆಯ ಮೇಷ್ಟ್ರಿಗೂ ಸರಿ. ಎಸೆನ್ ಅದರಲ್ಲಿ ಎಲ್ಲೂ ಇರಲಿಲ್ಲ.

ಏಳನೇ ದಿನ ಭಾವ ಬಂದು ಹಿರಿಯರ ಜಾಗದಲ್ಲಿ ಕೂತರು. ನಾನು ಟೀ ಕೊಟ್ಟೆ.

"ಭಾವ, ನೀವು ಅವತ್ತು..."

"ನಿಂಗೋಸ್ಕರ ಹೇಳಿದ್ದಲ್ಲ," ಎಂದರು. "ಅವನು ಎರಡು ಸಲ ಬಾಗಿಲಿಗೆ ಬಂದ. ನಾನು ಒಳಗೇ ಇದ್ದೆ."

ಟೀ ಕುಡಿದು ಅಂಗೈ ಮುಖಕ್ಕೆ ತಂದು ಮನೆಯನ್ನು ಹರಸಿ ಎದ್ದರು. ಸಾಯುವ ತನಕ ಈ ಮಾತು ನಮ್ಮಿಬ್ಬರ ನಡುವೆ ಮತ್ತೆ ಬರಲಿಲ್ಲ.

ಆ ಏಳನೇ ದಿನವೇ ಸಂಜೆ ನೀರು ತರಲು ಹೋದಾಗ ಇಬ್ಬರು ಹೆಂಗಸರು ನನ್ನನ್ನು ನೋಡದೆ ಮಾತಾಡುತ್ತಿದ್ದರು.

"ಟೀವಿಯ ಗಂಡನಿಗೆ ಎಷ್ಟು ಚೆಂದ ಹಾಡಿದ್ಲು! ಸ್ವಂತ ಗಂಡನಿಗೆ ನೋಡು, ಬಾಡಿಗೆಗೆ ಬಂದೋಳ ಹಾಗೆ."

ಬಿಂದಿಗೆ ಇಟ್ಟು, ಅವರು ಹೋಗುವ ತನಕ ಮರದ ಹಿಂದೆ ನಿಂತಿದ್ದೆ.